ಕೈರುಚಿಗೆ ಬೆಲೆ ಕಟ್ಟುವವರು ಯಾರು?



ಮದುವೆ ಮನೆಯ ಹಿತ್ತಲನ್ನೊಮ್ಮೆ ನೆನಪಿಸಿಕೊಳ್ಳಿ. ಮುಂದೆ ಶಾಮಿಯಾನ, ಬಣ್ಣದ ದೀಪ, ಅತ್ತರಿನ ಪರಿಮಳ. ಹಿಂದೆ ಮೂರು ಕಲ್ಲಿನ ಒಲೆ, ಮಳೆಗಾಲವಾದರೆ ಹಸಿ ಸೌದೆಯ ಹೊಗೆ, ಅದರ ನಡುವೆ ಸೆರಗು ಬಿಗಿದು ನಿಂತ ಒಬ್ಬಾಕೆ. ನಮ್ಮ ರಿಪ್ಪನ್‌ಪೇಟೆಯಲ್ಲಿರಲಿ, ಹೊಸನಗರ, ಸಾಗರ, ತೀರ್ಥಹಳ್ಳಿಯಲ್ಲಿರಲಿ, ಪ್ರತಿ ಮೊಹಲ್ಲಾದಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಇನ್ನೂರು ಮಂದಿಗೆ ಅಕ್ಕಿ ಎಷ್ಟು, ಮಾಂಸ ಎಷ್ಟು, ತುಪ್ಪ ಎಷ್ಟು ಎಂದು ಕೇಳಿದರೆ ಆಕೆ ಬೆರಳು ಮಡಿಚದೆ ಹೇಳುತ್ತಾಳೆ. ಮುಚ್ಚಳ ತೆಗೆದಾಗ ಏಳುವ ಹಬೆಯಿಂದಲೇ ಮಸಾಲೆ ಹದಕ್ಕೆ ಬಂತೋ ಇಲ್ಲವೋ ಎಂದು ಗುರುತಿಸುತ್ತಾಳೆ. ಉಂಡವರು ಕೈ ತೊಳೆಯುತ್ತಾ "ಆಕೆಯ ಕೈರುಚಿಯೇ ಬೇರೆ" ಎನ್ನುತ್ತಾರೆ. ಕೊನೆಗೆ ಆಕೆಯ ಕೈಗೆ ಒಂದು ಸೀರೆ, ಒಂದು ಡಬ್ಬಿ ಬಿರಿಯಾನಿ, ಮನೆಯವರಿಗೆ ತೋಚಿದಷ್ಟು ಹಣ. ಅಲ್ಲಿಗೆ ಮುಗಿಯಿತು.

ನಾಳೆ ಆಕೆಯ ಗಂಡ ತೀರಿಕೊಂಡರೆ, ಇಲ್ಲವೇ ಬಿಟ್ಟುಹೋದರೆ ಅದೇ ಜನ ಏನೆನ್ನುತ್ತಾರೆ ಗೊತ್ತೇ? "ಪಾಪ, ಓದಿಲ್ಲ, ಬರೆದಿಲ್ಲ, ಏನೂ ಗೊತ್ತಿಲ್ಲದವಳು. ಮಕ್ಕಳನ್ನು ಹೇಗೆ ಸಾಕುತ್ತಾಳೋ!"

ಏನೂ ಗೊತ್ತಿಲ್ಲದವಳು! ನಿನ್ನೆಯವರೆಗೆ ಇನ್ನೂರು ಹೊಟ್ಟೆಗಳನ್ನು ತಣಿಸಿದವಳು ಇಂದು ಏನೂ ಗೊತ್ತಿಲ್ಲದವಳಾದದ್ದು ಹೇಗೆ? ಆಕೆಗೆ ಗೊತ್ತಿರುವುದನ್ನು ನಾವು ವಿದ್ಯೆಯೆಂದು ಎಣಿಸಿಲ್ಲ, ಅಷ್ಟೇ. ಗಂಡಸು ಹೋಟೆಲಿನಲ್ಲಿ ಅದೇ ಬಿರಿಯಾನಿ ಮಾಡಿದರೆ ಅವನು ಭಟ್ಟ, ಬಾಣಸಿಗ, ಉಸ್ತಾದ. ಅವನಿಗೆ ದಿನಗೂಲಿ ಇದೆ, ಮುಂಗಡ ಇದೆ, ಹೆಸರಿದೆ. ಹೆಣ್ಣು ಮಾಡಿದರೆ ಅದು "ಮನೆಕೆಲಸ".

ಭಾರತ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾಳೆ. ಗಂಡಸು ಕಳೆಯುವುದು 88 ನಿಮಿಷ. ಹೆಚ್ಚು ಕಡಿಮೆ ಐದು ಗಂಟೆಗಳ ದುಡಿಮೆ! ಅದನ್ನು ಯಾವ ಹಾಜರಿ ಪುಸ್ತಕದಲ್ಲೂ ಬರೆಯುವುದಿಲ್ಲ. ಸಂಬಳ ಸಿಗುವ ಕಡೆಯೂ ಇದೇ ದೃಷ್ಟಿ ಬೆನ್ನು ಬಿಡುವುದಿಲ್ಲ. ನಮ್ಮ ಶಾಲೆಗಳಲ್ಲಿ ಅಕ್ಷರ ದಾಸೋಹದ ಅಡುಗೆ ಮಾಡುವ ತಾಯಂದಿರನ್ನು ನೋಡಿ. ಬೆಳಿಗ್ಗೆ ಬಂದು ಬೇಳೆ ತೊಳೆದು, ತರಕಾರಿ ಹೆಚ್ಚಿ, ನೂರಾರು ಮಕ್ಕಳಿಗೆ ಬಡಿಸಿ, ಪಾತ್ರೆ ಉಜ್ಜಿ ಮನೆಗೆ ಮರಳುತ್ತಾರೆ. ಅವರಿಗೆ ಸಿಗುವುದನ್ನು ಸಂಬಳ ಎನ್ನುವುದಿಲ್ಲ. ಗೌರವ ಸಂಭಾವನೆ ಎನ್ನುತ್ತಾರೆ. ಹೆಸರಿನಲ್ಲಿ ಗೌರವ ಇದೆ. ಆದರೆ ಆ ಹಣದಲ್ಲಿ ತಿಂಗಳ ಸಂಸಾರ ಸಾಗುವುದು ಕಷ್ಟವೆಂದು ಅವರನ್ನು ಬಲ್ಲ ಪ್ರತಿಯೊಬ್ಬರಿಗೂ ಗೊತ್ತು.

ಹಾಗಾದರೆ ಹೆಣ್ಣಿನ ಕೈಯಲ್ಲಿರುವ ಈ ವಿದ್ಯೆಯನ್ನು ವಿದ್ಯೆಯೆಂದೇ ಒಪ್ಪಿ, ಅದಕ್ಕೆ ತರಬೇತಿ ಕೊಟ್ಟು, ಬೆಲೆ ಕಟ್ಟಿ, ಆಕೆಯನ್ನು ಕಾಲ ಮೇಲೆ ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಅವರನ್ನು ನೋಡಲು ನಮ್ಮ ಮಲೆನಾಡಿನಿಂದ ಬಹುದೂರ, ಮೊರಾಕೊ ದೇಶದ ಮರ್ರಾಕೇಶ್ ನಗರದವರೆಗೆ ಹೋಗಿ ಬರೋಣ. ಬರುವಾಗ ಹುಬ್ಬಳ್ಳಿಯ ಮೇಲಿಂದಲೇ ಬರೋಣ.

ಭರವಸೆ ಎಂಬ ಹೆಸರಿನ ಅಡುಗೆಮನೆ

ಅರಬಿಯಲ್ಲಿ 'ಅಮಲ್' ಎಂದರೆ ಭರವಸೆ. ಮರ್ರಾಕೇಶ್‌ನ ಗೆಲೀಝ್ ಬಡಾವಣೆಯಲ್ಲಿ ಈ ಹೆಸರಿನ ಒಂದು ಹೋಟೆಲಿದೆ. ಅಂಗಳದಲ್ಲಿ ಮರದ ನೆರಳು, ನೆರಳಲ್ಲಿ ಮೇಜುಗಳು, ಮಧ್ಯಾಹ್ನದ ಊಟ. ನೋಡಿದವರಿಗೆ ಇದೂ ಒಂದು ಒಳ್ಳೆಯ ಹೋಟೆಲು ಎನಿಸಬಹುದು. ಆದರೆ ಇದು ವಾಸ್ತವದಲ್ಲಿ ಒಂದು ಶಾಲೆ. ಇಲ್ಲಿನ ಅಡುಗೆಮನೆಯಲ್ಲಿರುವವರು ವಿಧವೆಯರು, ವಿಚ್ಛೇದಿತೆಯರು, ಒಂಟಿ ತಾಯಂದಿರು, ಅನಾಥರಾಗಿ ಬೆಳೆದ ಯುವತಿಯರು, ಎಳವೆಯಲ್ಲೇ ಪರರ ಮನೆಯ ಕೆಲಸಕ್ಕೆ ಸೇರಿ ಶಾಲೆಯ ಮುಖ ಕಾಣದವರು.

ಇದನ್ನು ಕಟ್ಟಿದಾಕೆ ನೋರಾ ಫಿಟ್ಜೆರಾಲ್ಡ್ ಬೆಲಾಹ್ಸೆನ್. ಆರಂಭ ಬಹಳ ಸಣ್ಣದು. ಕಷ್ಟದಲ್ಲಿದ್ದ ತಾಯಂದಿರೊಂದಿಗೆ ಮನೆಯ ಅಡುಗೆಮನೆಯಲ್ಲೇ ಕೇಕು, ಸಿಹಿತಿಂಡಿ ಮಾಡಿ ಮಾರುವುದರಿಂದ ತೊಡಗಿದ್ದು. ಅದು 2012ರಲ್ಲಿ ಸಂಸ್ಥೆಯ ರೂಪ ತಾಳಿತು. ಮರುವರ್ಷ ಹೋಟೆಲು ತೆರೆಯಿತು. ಮುಂದೆ ತರ್ಗಾ ಎಂಬಲ್ಲಿ ಎರಡನೆಯ ಕೇಂದ್ರವೂ ಆಯಿತು.

ಕೆಲಸದ ಕ್ರಮ ಹೀಗಿದೆ. ಕೆಲವು ಮಂದಿ ಹೆಂಗಸರ ಒಂದು ತಂಡವನ್ನು ಕೆಲವು ತಿಂಗಳ ತರಬೇತಿಗೆ ಸೇರಿಸಿಕೊಳ್ಳುತ್ತಾರೆ. ತರಬೇತಿಯ ಕಾಲದಲ್ಲಿ ಒಂದು ಭತ್ಯೆ ಕೊಡುತ್ತಾರೆ. ಈ ಭತ್ಯೆಯೇ ಇಡೀ ವ್ಯವಸ್ಥೆಯ ಬುಡ ಎಂಬುದನ್ನು ಮರೆಯಬೇಡಿ. ಸಂಜೆಯ ಗಂಜಿಗೆ ಇಲ್ಲದವಳನ್ನು ಆರು ತಿಂಗಳು ಉಚಿತವಾಗಿ ಕಲಿಸುತ್ತೇವೆ, ಬಾ ಎಂದರೆ ಆಕೆ ಹೇಗೆ ಬರಬೇಕು? ಬಸ್ಸಿನ ದುಡ್ಡು ಯಾರು ಕೊಡುತ್ತಾರೆ? ಮಕ್ಕಳಿಗೆ ಆ ದಿನ ಏನು? ಉಚಿತ ತರಬೇತಿ ಎಂಬ ಫಲಕ ತೂಗುಹಾಕಿ "ಹೆಂಗಸರಿಗೆ ಆಸಕ್ತಿಯೇ ಇಲ್ಲ" ಎಂದು ದೂರುವವರು ಈ ಮಾತನ್ನು ಯೋಚಿಸಬೇಕು.

ತರಬೇತಿಯ ಹೆಂಗಸರು ಊಟದ ಮನೆಯ ಒಂದೊಂದು ವಿಭಾಗದಲ್ಲೂ ಕೈಯಾಡಿಸುತ್ತಾರೆ. ಕೆಲವು ದಿನ ಮೊರಾಕೊದ ಸಾಂಪ್ರದಾಯಿಕ ಅಡುಗೆ, ಕೆಲವು ದಿನ ಸಿಹಿತಿಂಡಿ, ಕೆಲವು ದಿನ ಬಡಿಸುವ ಕೆಲಸ. ಅದರೊಂದಿಗೆ ಶುಚಿತ್ವ, ಗಿರಾಕಿಗಳೊಡನೆ ಮಾತಾಡಲು ಒಂದಿಷ್ಟು ಬೇರೆ ಭಾಷೆ. ಕೊನೆಯಲ್ಲಿ ಹೊರಗಿನ ಹೋಟೆಲುಗಳಲ್ಲಿ ಕೆಲಸದ ಅನುಭವ. ಇಲ್ಲಿ ಉಣ್ಣಲು ಬಂದವರ ಹಣ ಹೋಟೆಲಿನ ಖರ್ಚಿಗೂ ತರಬೇತಿಗೂ ಹೋಗುತ್ತದೆ. ದಾನಿಗಳ ನೆರವು ಇಲ್ಲವೆಂದಲ್ಲ. ಆದರೆ ಗಿರಾಕಿ ಬರುವುದು ಕನಿಕರಕ್ಕಲ್ಲ, ರುಚಿಗೆ. ಒಂದು ದಿನ ಕನಿಕರದಿಂದ ಉಣ್ಣಬಹುದು. ಮರುದಿನವೂ ಬರಬೇಕಾದರೆ ಊಟ ಚೆನ್ನಾಗಿರಲೇಬೇಕಲ್ಲವೇ?

ಶುಕ್ರವಾರ ಅಲ್ಲಿ ಕುಸ್‌ಕುಸ್. ಮೊರಾಕೊದಲ್ಲಿ ಜುಮಾ ನಮಾಝಿನ ನಂತರ ಮನೆಮಂದಿಯೆಲ್ಲ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಕುಸ್‌ಕುಸ್ ಉಣ್ಣುವುದು ರೂಢಿ. ಅದರ ಕೆಲಸ ಕೇಳಿದರೆ ನಮ್ಮ ಅಜ್ಜಿಯಂದಿರು ನಕ್ಕಾರು. ಏಕೆಂದರೆ ಅದು ಅವರಿಗೆ ಅಪರಿಚಿತವಲ್ಲ. ಗೋಧಿಯ ರವೆಗೆ ನೀರು ಚಿಮುಕಿಸಿ, ಹಿಟ್ಟು ಸವರಿ, ಅಂಗೈಯಲ್ಲಿ ತಿರುವಿ ತಿರುವಿ ಸಾಸಿವೆಯಂಥ ಕಾಳು ಮಾಡುತ್ತಾರೆ. ಕೆಳಗಿನ ಪಾತ್ರೆಯಲ್ಲಿ ಮಾಂಸ, ತರಕಾರಿ ಕುದಿಯುತ್ತಿದ್ದರೆ, ಮೇಲಿನ ತೂತಿನ ಪಾತ್ರೆಯಲ್ಲಿ ಅದರ ಹಬೆಯಿಂದಲೇ ಈ ಕಾಳು ಬೇಯುತ್ತದೆ. ಒಮ್ಮೆಯಲ್ಲ, ಇಳಿಸಿ ಕೈಯಿಂದ ಬಿಡಿಸಿ ಮತ್ತೆ ಮತ್ತೆ ಹಬೆಗಿಡಬೇಕು. ನಮ್ಮ ಕಡುಬು, ಪುಂಡಿ, ಶ್ಯಾವಿಗೆಗಳ ದೂರದ ನೆಂಟನೇ ಸರಿ! ಇಡೀ ನಿಂಬೆಹಣ್ಣನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ಕೋಳಿಯೊಂದಿಗೆ ಬೇಯಿಸುತ್ತಾರೆ. ಉಪ್ಪುನೀರಿನ ಭರಣಿಯಲ್ಲಿ ಅಪ್ಪೆಮಿಡಿ ಇಟ್ಟು ವರ್ಷವಿಡೀ ಕಾಯುವ ನಮ್ಮ ಸಾಗರ, ಹೊಸನಗರದ ಹೆಂಗಸರಿಗೆ ಇದನ್ನು ಹೇಳಿಕೊಡಬೇಕೇ?

2020ರಲ್ಲಿ ಯುನೆಸ್ಕೊ ಸಂಸ್ಥೆಯು ಕುಸ್‌ಕುಸ್ ಮಾಡುವ ಮತ್ತು ಉಣ್ಣುವ ಸಂಪ್ರದಾಯವನ್ನು ಮೊರಾಕೊ, ಅಲ್ಜೀರಿಯಾ, ಟ್ಯುನೀಶಿಯಾ, ಮಾರಿಟಾನಿಯಾ ಈ ನಾಲ್ಕು ದೇಶಗಳ ಸಮಾನ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ಜಗತ್ತೇ ಪರಂಪರೆ ಎಂದು ಒಪ್ಪಿದ ಈ ವಿದ್ಯೆಯನ್ನು ಇಷ್ಟು ಕಾಲ ಕಾಪಾಡಿದವರು ಯಾರು? ಅಕ್ಷರ ಬಾರದ ಹೆಣ್ಣುಮಕ್ಕಳು. ಮೊರಾಕೊದ ಶ್ರೀಮಂತರ ಮನೆಗಳಲ್ಲಿ ಹಿಂದೆ ಅಡುಗೆ ಮಾಡುತ್ತಿದ್ದವರನ್ನು 'ದಾದಾ' ಎನ್ನುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಗುಲಾಮಗಿರಿಯ ಹಿನ್ನೆಲೆಯ ಹೆಂಗಸರು. ಆ ದೇಶದ ಅತ್ಯುತ್ತಮ ಅಡುಗೆ ಅವರ ಕೈಯಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ದಾಟಿತು. ಭೋಜನಕ್ಕೆ ಯಜಮಾನನ ಹೆಸರು ಬಂತು, ದಾದಾಳ ಹೆಸರು ಉಳಿಯಲಿಲ್ಲ. ಇಂದು ಅಮಲ್ ಕೇಂದ್ರಕ್ಕೆ ವಿದೇಶದ ಪ್ರವಾಸಿಗರು ಹಣ ಕೊಟ್ಟು ಅಡುಗೆ ಕಲಿಯಲು ಬರುತ್ತಾರೆ. ಪಾಠ ಹೇಳುವವರು ಅಲ್ಲಿನ ಹೆಂಗಸರೇ! ನಿನ್ನೆ "ಏನೂ ಗೊತ್ತಿಲ್ಲದವಳು" ಎನಿಸಿಕೊಂಡವಳು ಇಂದು ಗುರುವಿನ ಸ್ಥಾನದಲ್ಲಿ ನಿಂತಿದ್ದಾಳೆ.

2023ರ ಸೆಪ್ಟೆಂಬರ್ 8ರ ರಾತ್ರಿ ಮರ್ರಾಕೇಶ್‌ನ ದಕ್ಷಿಣದ ಬೆಟ್ಟಗಳಲ್ಲಿ ಭೀಕರ ಭೂಕಂಪವಾಗಿ ಸುಮಾರು 3,000 ಮಂದಿ ಮಡಿದರು. ಆಗ ಇದೇ ಅಡುಗೆಮನೆ ಸಂತ್ರಸ್ತರಿಗಾಗಿ ಊಟ ಬೇಯಿಸಿತು. ನೆರವು ಪಡೆದು ಬೆಳೆದ ಕೈಗಳು ನೆರವು ನೀಡುವ ಕೈಗಳಾದವು.

ಹಾಲಿನ ಕಣ್ಣೀರು

ಅಮಲ್‌ಗಿಂತ ಬಹಳ ಮೊದಲೇ ಅದೇ ದೇಶದ ಕಸಬ್ಲಾಂಕಾದಲ್ಲಿ ಈ ದಾರಿ ತೆರೆದವರು ಆಯಿಶಾ ಶೆನ್ನಾ. 1941ರಲ್ಲಿ ಹುಟ್ಟಿದ ಇವರು ಆರೋಗ್ಯ ಮತ್ತು ಸಮಾಜ ಸೇವಾ ಇಲಾಖೆಯಲ್ಲಿ ದುಡಿಯುತ್ತಿದ್ದರು. ಒಂದು ದಿನ ಕಚೇರಿಯಲ್ಲಿ ಅವಿವಾಹಿತ ತಾಯಿಯೊಬ್ಬಳು ಮಗುವನ್ನು ಬಿಟ್ಟುಕೊಡಲು ಬಂದಿದ್ದಳು. ಎದೆಹಾಲು ಕುಡಿಯುತ್ತಿದ್ದ ಮಗುವನ್ನು ಆಕೆಯಿಂದ ಬೇರ್ಪಡಿಸಿದಾಗ ಹಾಲು ಮಗುವಿನ ಮುಖದ ಮೇಲೆ ಚಿಮ್ಮಿತು, ಮಗು ಚೀರಿತು. ಆ ರಾತ್ರಿ ತನಗೆ ನಿದ್ದೆ ಹತ್ತಲಿಲ್ಲ ಎಂದು ಆಯಿಶಾ ಮುಂದೆ ಹೇಳುತ್ತಿದ್ದರು.

1985ರಲ್ಲಿ ಅವರು ಮಹಿಳಾ ಸಹಮತದ ಒಂದು ಸಂಘ ಕಟ್ಟಿದರು. ಇಂತಹ ತಾಯಂದಿರು ಮಗುವನ್ನು ತೊರೆಯದೆ ದುಡಿದು ಬದುಕಬೇಕೆಂಬುದು ಅದರ ಗುರಿ. ಅದಕ್ಕೆ ಅವರು ಹಿಡಿದ ಮೊದಲ ಸಾಧನವೂ ಅಡುಗೆಯೇ. ಹೋಟೆಲು, ಸಿಹಿತಿಂಡಿ ಅಂಗಡಿ, ಮುಂದೆ 2004ರಲ್ಲಿ ಹೆಂಗಸರ ಸ್ನಾನಗೃಹ. ತಾಯಿ ಕೆಲಸ ಮಾಡುವಾಗ ಮಗುವನ್ನು ನೋಡಿಕೊಳ್ಳಲು ಶಿಶುವಿಹಾರ.

ವಿಷಯ ಸೂಕ್ಷ್ಮ ಎಂಬುದು ನಿಮಗೆ ಗೊತ್ತು. "ಅನೈತಿಕತೆಗೆ ಕುಮ್ಮಕ್ಕು ಕೊಡುತ್ತಾಳೆ" ಎಂದು ಆಯಿಶಾರನ್ನು ದೂರಿದವರಿಗೆ ಲೆಕ್ಕವಿಲ್ಲ. ತಪ್ಪನ್ನು ತಪ್ಪಲ್ಲ ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಮಗು ಮಾಡಿದ ತಪ್ಪೇನು? ಮೋಸ ಮಾಡಿ ಓಡಿಹೋದ ಗಂಡಸನ್ನು ಬಿಟ್ಟು, ಸಿಕ್ಕಿಬಿದ್ದ ಹೆಣ್ಣನ್ನೂ ಹಸುಳೆಯನ್ನೂ ಮಾತ್ರ ಶಿಕ್ಷಿಸುವುದು ಯಾವ ನ್ಯಾಯ? ಆಯಿಶಾ ಬೀದಿಯಲ್ಲಿ ನಿಂತು ವಾದ ಮಾಡಲಿಲ್ಲ. ಆ ಹೆಣ್ಣಿನ ಕೈಗೆ ಸೌಟು ಕೊಟ್ಟು, ತಿಂಗಳ ಕೊನೆಗೆ ಸಂಬಳ ಕೊಟ್ಟರು. 2009ರಲ್ಲಿ ಅವರಿಗೆ 10 ಲಕ್ಷ ಡಾಲರ್ ಮೊತ್ತದ ಓಪಸ್ ಪ್ರಶಸ್ತಿ ಬಂತು. 2022ರ ಸೆಪ್ಟೆಂಬರ್ 25ರಂದು ಅವರು ಇಹಲೋಕ ತ್ಯಜಿಸಿದರು. ಸಂಘ ಅವರ ನಂತರವೂ ಉಳಿಯಿತು.

ನಮ್ಮ ನಾಡಿನಲ್ಲಿ

"ಅದೆಲ್ಲ ಪ್ರವಾಸಿಗರು ಬರುವ ಊರಿನ ಮಾತು, ನಮ್ಮಲ್ಲಿ ನಡೆಯುತ್ತದೆಯೇ?" ಎನ್ನುವಿರಾ? ಬನ್ನಿ, ಹುಬ್ಬಳ್ಳಿಗೆ ಹೋಗೋಣ.

2017ರಲ್ಲಿ ಅಲೀನಾ ಆಲಂ ಎಂಬ ಯುವತಿ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ಹುಬ್ಬಳ್ಳಿಯ ಕಾಲೇಜು ಆವರಣವೊಂದರ ಹಳೆಯ ಶೆಡ್ಡನ್ನು ಗುಡಿಸಿ ಸಾರಿಸಿ 'ಮಿಟ್ಟಿ ಕೆಫೆ' ತೆರೆದಳು. ಅಲ್ಲಿ ಕೆಲಸಕ್ಕೆ ತೆಗೆದುಕೊಂಡದ್ದು ಅಂಗವಿಕಲರನ್ನು, ಬುದ್ಧಿಮಾಂದ್ಯರೆಂದು ಮೂಲೆಗೆ ತಳ್ಳಲ್ಪಟ್ಟವರನ್ನು, ಕಿವಿ ಕೇಳದವರನ್ನು, ಕಣ್ಣು ಕಾಣದವರನ್ನು. ಅಂಗವೈಕಲ್ಯವಿರುವ ಹೆಣ್ಣೆಂದರೆ ಎರಡು ಪಟ್ಟು ಹೊರೆ ಎಂದು ಭಾವಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂತಹ ಮನೆಯ ಮಗಳು ಸಮವಸ್ತ್ರ ತೊಟ್ಟು ಚಹಾ ತಂದುಕೊಟ್ಟು, ಸಂಬಳವನ್ನು ತಾಯಿಯ ಕೈಗಿಟ್ಟರೆ ಆ ಮನೆಯ ಗಾಳಿಯೇ ಬದಲಾಗುತ್ತದೆ. ಹುಬ್ಬಳ್ಳಿಯ ಆ ಶೆಡ್ಡಿನಿಂದ ಹೊರಟ ಮಿಟ್ಟಿ ಕೆಫೆ ಬೆಂಗಳೂರಿನ ದೊಡ್ಡ ಕಂಪೆನಿಗಳ ಕಚೇರಿಗಳಿಗೂ ವಿಮಾನ ನಿಲ್ದಾಣಕ್ಕೂ ಬಂತು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅದರ ಶಾಖೆಯೊಂದನ್ನು ಉದ್ಘಾಟಿಸಿದರು.

ಇನ್ನು ನೆರೆಯ ಕೇರಳ. 1998ರ ಮೇ 17ರಂದು ಮಲಪ್ಪುರಂನಲ್ಲಿ ಉದ್ಘಾಟನೆಯಾದ ಕುಟುಂಬಶ್ರೀ ಇಂದು 40 ಲಕ್ಷಕ್ಕೂ ಹೆಚ್ಚು ಮಹಿಳೆಯರ ಜಾಲ. ನಮ್ಮ ಕಾಸರಗೋಡಿನ ಕನ್ನಡತಿಯರೂ ಅದರಲ್ಲಿದ್ದಾರೆ. ಕುಟುಂಬಶ್ರೀಯ ಹೆಂಗಸರು ನಡೆಸುವ ಕೆಫೆಗಳಲ್ಲಿ ಊರೂರಿನ ಪಾರಂಪರಿಕ ಅಡುಗೆಗೆ ಜಾಗವಿದೆ. ಅಟ್ಟಪ್ಪಾಡಿಯ ಆದಿವಾಸಿ ಮಹಿಳೆಯರು ಕಾಡಿನ ಸೊಪ್ಪು, ಮಸಾಲೆ ಅರೆದು ಮಾಡಿದ 'ವನಸುಂದರಿ' ಕೋಳಿ 2023ರಲ್ಲಿ ತಿರುವನಂತಪುರದ ಕೇರಳೀಯಂ ಉತ್ಸವದಲ್ಲಿ ಮನೆಮಾತಾಯಿತು. ಗುಡ್ಡದ ಮೇಲೆ ಯಾರ ಕಣ್ಣಿಗೂ ಬೀಳದಿದ್ದ ಅಡುಗೆಗೆ ರಾಜಧಾನಿಯಲ್ಲಿ ಸಾಲು ನಿಂತಿತು.

ಅದೇ ಕುಟುಂಬಶ್ರೀಯಿಂದ ಒಂದು ಎಚ್ಚರಿಕೆಯ ಪಾಠವನ್ನೂ ಕಲಿಯೋಣ. 2020ರ ಕೊರೊನಾ ಕಾಲದಲ್ಲಿ ಅಲ್ಲಿ 20 ರೂಪಾಯಿಗೆ ಊಟ ಕೊಡುವ ಜನಕೀಯ ಹೋಟೆಲುಗಳು ಸಾವಿರಕ್ಕೂ ಹೆಚ್ಚು ತೆರೆದವು. ಊಟವೊಂದಕ್ಕೆ 10 ರೂಪಾಯಿ ಸರಕಾರದ ಸಹಾಯಧನ. ಹಸಿದ ಅಸಂಖ್ಯಾತರು ಉಂಡರು. ಆದರೆ ಸಹಾಯಧನದ ಬಾಕಿ ಏರುತ್ತಾ ಹೋಗಿ, 2023ರ ಆಗಸ್ಟಿನಲ್ಲಿ ಅದು ನಿಂತೇಹೋಯಿತು. ಬಾಕಿ ಬರಬೇಕಾಗಿದ್ದ ಹೆಂಗಸರು ಕಿರಾಣಿ ಅಂಗಡಿಯವನಿಗೆ ಉತ್ತರ ಹೇಳಬೇಕಾಯಿತು. ಬೆಲೆ ಏರಿಸಲೇಬೇಕಾಯಿತು. ಹಸಿದವನಿಗೆ ಅಗ್ಗದ ಊಟ ಪುಣ್ಯದ ಕೆಲಸ, ನಿಜ. ಆದರೆ ಆ ಪುಣ್ಯದ ಖರ್ಚು ಬಡ ಅಡುಗೆಯವಳ ಜೇಬಿನಿಂದ ಹೋಗಬಾರದು.

ನಮ್ಮ ರಾಜ್ಯವೂ ತಡವಾಗಿಯಾದರೂ ಎಚ್ಚೆತ್ತಿದೆ. ಸಂಜೀವಿನಿ ಯೋಜನೆಯ ಸ್ವಸಹಾಯ ಗುಂಪುಗಳ ಹೆಂಗಸರೇ ನಡೆಸುವ ಉಪಾಹಾರ ಗೃಹಗಳನ್ನು 2024ರಲ್ಲಿ 'ಅಕ್ಕ ಕೆಫೆ' ಎಂಬ ಹೆಸರಿನಲ್ಲಿ ಆರಂಭಿಸಲಾಯಿತು. ಹೆಸರು ಚೆನ್ನಾಗಿದೆ. ಅಕ್ಕನಿಗೆ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದರಿಂದ ಅದರ ಯಶಸ್ಸನ್ನು ಅಳೆಯಬೇಕು.

ಕೈಯಳತೆಯಿಂದ ಲೆಕ್ಕದ ಅಳತೆಗೆ

ಈ ಎಲ್ಲ ಕಡೆ ನಿಜವಾಗಿ ಕಲಿಸುವುದು ಏನು? ಅಡುಗೆಯನ್ನೇ? ಅಡುಗೆ ಬಹುಪಾಲು ಹೆಂಗಸರಿಗೆ ಮೊದಲೇ ಬರುತ್ತದೆ. ಬಾರದಿರುವುದು ಬೇರೆ.

ಮೊದಲನೆಯದು, ಅಳತೆ. ನಮ್ಮ ಅಮ್ಮಂದಿರ ಅಳತೆ "ಒಂದು ಚಿಟಿಕೆ", "ಒಂದು ಹಿಡಿ", "ಕಣ್ಣಂದಾಜು". ಮನೆಗೆ ಅದು ಸಾಕು. ಆದರೆ ಸೋಮವಾರ ತಿಂದ ಗಿರಾಕಿಗೆ ಗುರುವಾರವೂ ಅದೇ ರುಚಿ ಸಿಗಬೇಕು; ಒಬ್ಬಳು ರಜೆಯಲ್ಲಿದ್ದರೆ ಇನ್ನೊಬ್ಬಳು ಅದನ್ನೇ ಮಾಡಬೇಕು. ಅದಕ್ಕೆ ತಕ್ಕಡಿ ಬೇಕು, ಬರೆದಿಟ್ಟ ಚೀಟಿ ಬೇಕು.

ಎರಡನೆಯದು, ಶುಚಿತ್ವದ ಶಿಸ್ತು. ಹಸಿ ಮಾಂಸದ ಹಲಗೆ ಬೇರೆ, ತರಕಾರಿಯ ಹಲಗೆ ಬೇರೆ. ಉಳಿದ ಅನ್ನವನ್ನು ಎಷ್ಟು ಹೊತ್ತು ಇಡಬಹುದು, ಹೇಗೆ ತಣಿಸಬೇಕು. ಮನೆಯಲ್ಲಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತೆಯ ನೋಂದಣಿ ಬೇಕು ಎಂಬ ತಿಳಿವಳಿಕೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಲೆಕ್ಕ. ಒಂದು ಉದಾಹರಣೆ ನೋಡೋಣ. ಒಬ್ಬಾಕೆ 100 ಅಕ್ಕಿರೊಟ್ಟಿ ಮಾಡಿ ತಲಾ 10 ರೂಪಾಯಿಗೆ ಮಾರಿದಳೆನ್ನಿ. ಕೈಗೆ ಬಂದದ್ದು 1,000 ರೂಪಾಯಿ. ಅಕ್ಕಿ, ಎಣ್ಣೆ, ಉಪ್ಪಿಗೆ 300, ಗ್ಯಾಸಿಗೆ 100, ಕಟ್ಟಲು, ಸಾಗಿಸಲು 100. ಉಳಿದದ್ದು 500. "ಐನೂರು ಲಾಭ" ಎಂದು ಆಕೆ ಹಿಗ್ಗುತ್ತಾಳೆ. ಆದರೆ ಆಕೆ ಒಲೆಯ ಮುಂದೆ ಕುಳಿತದ್ದು ಐದು ಗಂಟೆ. ಗಂಟೆಗೆ 80 ರೂಪಾಯಿ ಕೂಲಿ ಹಿಡಿದರೂ 400 ಆಕೆಯ ದುಡಿಮೆಯ ಬೆಲೆ. ನಿಜವಾದ ಲಾಭ 100 ಮಾತ್ರ. ಈಗ ಕೊಳ್ಳಲು ಬಂದವರು "ಎಂಟು ರೂಪಾಯಿಗೆ ಕೊಡು ತಾಯಿ" ಎಂದು ಚೌಕಾಸಿ ಮಾಡಿದರೆ? ಕೈಗೆ ಬರುವುದು 800, ಖರ್ಚು ಕಳೆದು ಉಳಿಯುವುದು 300. ಲಾಭವೂ ಹೋಯಿತು, ಕೂಲಿಯಲ್ಲೂ 100 ಹೋಯಿತು. ಆದರೂ ಆಕೆ ತನಗೆ 300 ಸಿಕ್ಕಿತೆಂದೇ ತಿಳಿಯುತ್ತಾಳೆ. ತನ್ನ ದುಡಿಮೆಗೆ ಬೆಲೆಯಿದೆ ಎಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲವಲ್ಲ! ದೊಡ್ಡ ಅಂಗಡಿಯಲ್ಲಿ ಬರೆದಿಟ್ಟ ಬೆಲೆಗೆ ತುಟಿ ಬಿಚ್ಚದೆ ಹಣ ಕೊಡುವ ನಾವು, ರೊಟ್ಟಿ ಮಾರುವ ವಿಧವೆಯ ಮುಂದೆ ಎರಡು ರೂಪಾಯಿಗೆ ವಾದಿಸುವಾಗ ಇದು ನೆನಪಿರಲಿ.

ನಾಲ್ಕನೆಯದು, ಹೊರಡುವುದು. ಅಮಲ್‌ನ ವಿಶೇಷವೇ ಇದು. ಅಲ್ಲಿ ಹೆಣ್ಣನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಕಲಿತವಳು ಹೊರಡಬೇಕು, ಬೇರೆ ಹೋಟೆಲಿನಲ್ಲಿ ಕೆಲಸ ಹಿಡಿಯಬೇಕು, ಇಲ್ಲವೇ ತನ್ನದೇ ಒಲೆ ಹೂಡಬೇಕು. ಆಕೆಯ ಜಾಗಕ್ಕೆ ಇನ್ನೊಬ್ಬಳು ಬರಬೇಕು. ಎಷ್ಟು ತಟ್ಟೆ ಊಟ ಮಾರಾಟವಾಯಿತು ಎಂಬುದಕ್ಕಿಂತ ಎಷ್ಟು ಮಂದಿ ಕಲಿತು ಹೊರಟರು ಎಂಬುದೇ ಅಂತಹ ಅಡುಗೆಮನೆಯ ನಿಜವಾದ ಲೆಕ್ಕ.

ನಮ್ಮ ಊರಿನ ಒಲೆ

ರಿಪ್ಪನ್‌ಪೇಟೆಯಂಥ ಸಣ್ಣ ಊರಿನಲ್ಲಿ ದೊಡ್ಡ ಹೋಟೆಲು ಕಟ್ಟಿ ಎಂದು ಯಾರೂ ಹೇಳುವುದಿಲ್ಲ. ಆದರೆ ನಮ್ಮ ಸೀಮೆಯ ಸಂಪತ್ತನ್ನು ನೋಡಿ. ಅಪ್ಪೆಮಿಡಿಯ ಉಪ್ಪಿನಕಾಯಿ, ಕೆಸುವಿನ ಪತ್ರೊಡೆ, ಮಳೆಗಾಲದ ಕಳಲೆ, ಅಕ್ಕಿಕಡುಬು. ನಮ್ಮ ಮನೆಗಳ ಪತ್ತಿರಿ, ಕೋಳಿಸಾರು, ಹಬ್ಬದ ಶೀರ್‌ಖುರ್ಮಾ. ಜೋಗಕ್ಕೆ, ಹೊಂಬುಜಕ್ಕೆ, ಕೊಡಚಾದ್ರಿಗೆ ಹೋಗುವವರು ಈ ಸೀಮೆಯ ರಸ್ತೆಗಳಲ್ಲೇ ಹಾದುಹೋಗುತ್ತಾರೆ. ಅವರಿಗೆ ದಾರಿಯುದ್ದಕ್ಕೂ ಸಿಗುವುದು ಎಲ್ಲೆಡೆ ಸಿಗುವ ಅದೇ ಗೋಬಿ ಮಂಚೂರಿ! ಮನೆಯ ರುಚಿ ಮನೆಯೊಳಗೇ ಉಳಿದಿದೆ.

ಕಲಿಯುವ ದಾರಿಯೂ ದೂರವಿಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ, ವಸತಿ ಸಹಿತ ತರಬೇತಿ ಉಚಿತ. ಪಂಚಾಯತಿಯಲ್ಲಿ ಸಂಜೀವಿನಿ ಒಕ್ಕೂಟವಿದೆ. ಅರ್ಜಿ ತುಂಬಲು ಬಾರದ ನೆರೆಯವಳಿಗೆ ಕಾಲೇಜು ಓದುವ ನಿಮ್ಮ ಮಗಳು ಒಂದು ಗಂಟೆ ಕೊಟ್ಟರೆ ಸಾಕು. ಆಕೆ ತರಬೇತಿಗೆ ಹೋದ ಹತ್ತು ದಿನ ಆಕೆಯ ಮಕ್ಕಳಿಗೆ ನಿಮ್ಮ ಮನೆಯಲ್ಲಿ ಊಟ ಹಾಕಿದರೆ, ಅದೇ ಆಕೆಯ ಭತ್ಯೆ.

"ಮನೆಯ ಹೆಣ್ಣು ಹೋಟೆಲಿನಲ್ಲಿ ದುಡಿಯುವುದೇ? ಜನ ಏನೆನ್ನುತ್ತಾರೆ?" ಎಂಬ ಮಾತು ಬಂದೇ ಬರುತ್ತದೆ. ಅಡುಗೆಮನೆಯಲ್ಲಿ ಹೆಂಗಸರೇ ಇದ್ದು, ಮಧ್ಯಾಹ್ನದ ಊಟಕ್ಕೇ ಕೆಲಸ ಮುಗಿದು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ತಾಯಿಯೂ ಮನೆ ಸೇರುವ ವ್ಯವಸ್ಥೆ ಮಾಡಲಾಗದೇ? ಮಾಡಬಹುದು. ಇನ್ನು ಜನರ ಮಾತು. ಆಕೆಯ ಮನೆಯಲ್ಲಿ ಒಲೆ ಉರಿಯದ ದಿನ ಆ ಜನ ಎಲ್ಲಿದ್ದರು ಎಂದು ಮೊದಲು ಕೇಳಬೇಕು.

ರಮಝಾನ್ ಬಂದಾಗ ನಾವು ಅಕ್ಕಿ, ಎಣ್ಣೆ, ಸಕ್ಕರೆ, ಖರ್ಜೂರದ ಕಿಟ್ ಕಟ್ಟಿ ಬಡವರ ಬಾಗಿಲಿಗೆ ಮುಟ್ಟಿಸುತ್ತೇವೆ. ಒಳ್ಳೆಯ ಕೆಲಸ, ನಿಲ್ಲಬಾರದು. ಆದರೆ ಹೋದ ವರ್ಷದ ಪಟ್ಟಿಯನ್ನೂ ಅದರ ಹಿಂದಿನ ವರ್ಷದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅವೇ ಹೆಸರುಗಳು! ಹೊಸ ಹೆಸರು ಸೇರುತ್ತದೆಯೇ ಹೊರತು ಹಳೆಯದು ಅಳಿಯುವುದಿಲ್ಲ. ಐದು ವರ್ಷದಲ್ಲಿ ಒಬ್ಬಳ ಹೆಸರಾದರೂ "ಇನ್ನು ಈಕೆಗೆ ಅಗತ್ಯವಿಲ್ಲ" ಎಂದು ಹೊಡೆದುಹಾಕುವಂತಾದರೆ ಅದೆಂಥ ಸಂತೋಷ!

ಬೇಡಲು ಬಂದ ಬಡವನ ಮನೆಯ ಸಾಮಾನು ಮಾರಿಸಿ, ಆ ಹಣದಲ್ಲಿ ಕೊಡಲಿ ತರಿಸಿ, ಸೌದೆ ಕಡಿಯಲು ಕಳುಹಿಸಿದ ಪ್ರವಾದಿವರ್ಯರ(ಸ) ಘಟನೆ ನಿಮಗೆಲ್ಲ ಗೊತ್ತು. ಅದರಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿಯಿದೆ. ಕೊಡಲಿಯ ಅಲಗನ್ನು ಹಾಗೆಯೇ ಕೈಗಿತ್ತು ಕಳುಹಿಸಲಿಲ್ಲ. ತಮ್ಮ ಕೈಯಾರೆ ಅದಕ್ಕೆ ಹಿಡಿ ಹಾಕಿ ಕೊಟ್ಟರು.

ನಮ್ಮ ಊರಿನ ಆ ಅಡುಗೆಯವಳ ಬಳಿ ಅಲಗು ಇದೆ, ಸಹೋದರಿ. ಹರಿತವಾದ ಅಲಗೇ ಇದೆ. ಇಲ್ಲದಿರುವುದು ಹಿಡಿ ಮಾತ್ರ. ಮುಂದಿನ ಮದುವೆಯಲ್ಲಿ ಉಂಡು ಕೈ ತೊಳೆಯುವಾಗ "ಕೈರುಚಿ ಚೆನ್ನಾಗಿದೆ" ಎಂದಷ್ಟೇ ಹೇಳಿ ಹೊರಟುಬಿಡಬೇಡಿ. ಹಿತ್ತಲಿಗೆ ಹೋಗಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಆಕೆಯ ಪಕ್ಕದಲ್ಲಿ ಐದು ನಿಮಿಷ ಕುಳಿತು, ಆಕೆಯ ಹೆಸರು ಕೇಳಿ. ಇಂದಿನ ದುಡಿಮೆಗೆ ಎಷ್ಟು ಕೊಡುತ್ತಾರೆ ಎಂದು ಕೇಳಿ. ಅದು ಕಡಿಮೆಯಾದರೆ ಮನೆಯ ಯಜಮಾನನಿಗೆ ನೀವೇ ಹೇಳಿ. ಹಿಡಿ ಹಾಕುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.